ಹಾಯಿ ತಿರುಗಿಸಿದ ಐದು ದ್ವೀಪಗಳು

ನಮ್ಮ ತಿಳವಳ್ಳಿ ಕಡಲಂಚಿನ ಊರಲ್ಲ. ಹಾನಗಲ್ಲ ತಾಲೂಕಿನ ಈ ಊರಿನವರು ಸಮುದ್ರವನ್ನು ನೋಡಬೇಕಾದರೆ ಶಿರಸಿಯನ್ನು ದಾಟಿ, ದೇವಿಮನೆ ಘಟ್ಟವನ್ನಿಳಿದು, ಕುಮಟೆಯ ತನಕ ಹೋಗಬೇಕು. ನಮ್ಮ ಹಿರಿಯರಲ್ಲಿ ಹಲವರು ಸಮುದ್ರವನ್ನು ಕಂಡದ್ದು ಗೋಕರ್ಣಯಾತ್ರೆಯಲ್ಲಿ, ಜನ್ಮಕ್ಕೊಂದೇ ಸಲ. ಆದರೂ ಸಮುದ್ರ ನಮ್ಮ ಮನೆಗಳಿಗೆ ತಪ್ಪದೆ ಬರುತ್ತಿತ್ತು: ಅಡಿಗೆಮನೆಗೆ ಉಪ್ಪಾಗಿ, ದೇವರಮನೆಗೆ ತೆಂಗಿನಕಾಯಿಯಾಗಿ, ಹಿತ್ತಲ ಬಾವಿಗೆ ಹಗ್ಗವಾಗಿ. ಎತ್ತಿನ ಕೊರಳಿಗೆ ನಮ್ಮ ಹೊಲದ ಪುಂಡಿನಾರಿನ ಕಣ್ಣಿ ಸಾಕಾಗುತ್ತಿತ್ತು. ಬಾವಿಗೆ ಮಾತ್ರ ಘಟ್ಟದ ಕೆಳಗಿನ ಕತ್ತದ ಹಗ್ಗವೇ ಆಗಬೇಕು. “ಅದು ನೀರಿಗೆ ಅಂಜೂದಿಲ್ಲ” ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆ ಹಗ್ಗವನ್ನು ಹೊಸೆದವರು ಯಾರು, ಅದಕ್ಕೆ ಅವರಿಗೆ ಸಿಕ್ಕಿದ್ದೆಷ್ಟು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ ನೆನಪಿಲ್ಲ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಹಡಗುಗಳ ಇತಿಹಾಸಕ್ಕೆ ಕೈಹಾಕಿದುದು ಆ ಹಗ್ಗದ ಎಳೆಯನ್ನು ಹಿಡಿದೇ.

ಹಡಗು ನಿಂತರೆ ದ್ವೀಪದ ಗತಿಯೇನು ಎಂಬ ಪ್ರಶ್ನೆಗೆ ಲೋಕದ ಇತಿಹಾಸದಲ್ಲಿ ಉತ್ತರಗಳು ಅನೇಕ. ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ 1949ರ ಮೇ 1ರಂದು ಸುಮಾರು ಎರಡು ಸಾವಿರ ಬಂದರು ಕೂಲಿಗಳು ಮುಷ್ಕರ ಹೂಡಿದರು. ಅದೇ ಹಡಗುಗಳ ಅದೇ ಸರಕನ್ನು ಇಳಿಸುವ ಅಮೆರಿಕದ ಪಶ್ಚಿಮ ಕರಾವಳಿಯ ಕೂಲಿಗಳಿಗೆ ಹೆಚ್ಚು ಮಜೂರಿ, ತಮಗೇಕೆ ಕಡಿಮೆ ಎಂಬುದು ಅವರ ಪ್ರಶ್ನೆ. ಮುಷ್ಕರ ಹೆಚ್ಚುಕಡಿಮೆ ಆರು ತಿಂಗಳು ನಡೆಯಿತು. ಅಂಗಡಿಗಳ ಕಪಾಟುಗಳು ಬರಿದಾದವು. ಸಣ್ಣ ವ್ಯಾಪಾರಿಗಳು ಬಾಗಿಲೆಳೆದುಕೊಂಡರು. ಮುಷ್ಕರಕ್ಕೆ ಯಾವ ಸಂಬಂಧವೂ ಇಲ್ಲದವರು ಕೆಲಸ ಕಳೆದುಕೊಂಡರು. 1966ರ ಮೇ ತಿಂಗಳಲ್ಲಿ ಬ್ರಿಟನ್ನಿನ ನಾವಿಕರು ಕೆಲಸದ ಗಂಟೆಗಳನ್ನು ಇಳಿಸಬೇಕೆಂದು ಮುಷ್ಕರ ಹೂಡಿದಾಗ ಅದರ ಬಿಸಿ ಐರಿಷ್ ಸಮುದ್ರದ ಮ್ಯಾನ್ ದ್ವೀಪಕ್ಕೂ ತಟ್ಟಿತು. ಬೇಸಗೆಯ ಪ್ರವಾಸಿಗಳನ್ನು ನಂಬಿದ ದ್ವೀಪ ಅದು. ಅಲ್ಲಿಯ ಜಗತ್ಪ್ರಸಿದ್ಧ ಮೋಟರ್ ಸೈಕಲ್ ಪಂದ್ಯಗಳನ್ನು ಆ ವರ್ಷ ಜೂನ್ ತಿಂಗಳಿನಿಂದ ಆಗಸ್ಟ್ ಕೊನೆಗೆ ಮುಂದೂಡಬೇಕಾಯಿತು. ಪ್ರವಾಸಿಗಳ ಹಂಗಾಮು ಎಂದರೆ ಆ ಊರಿಗೆ ನಮ್ಮ ಸುಗ್ಗಿಯಿದ್ದಂತೆ. ತಪ್ಪಿಹೋದ ಸುಗ್ಗಿಯನ್ನು ಯಾರೂ ಪೂರ್ತಿಯಾಗಿ ಮರಳಿ ಕೊಡಲಾರರು.

ದೂರದ ಈ ಕಥೆಗಳನ್ನು ಓದುವಾಗ ನಮ್ಮ ಕಡಲಿನ ಕಥೆಯೊಂದು ನೆನಪಾಗದಿರದು. ಕನ್ನಡ ಕರಾವಳಿಯ ಆಡಳಿತದಲ್ಲಿ ಒಂದೂವರೆ ಶತಮಾನ ಇದ್ದು, ಈಗ ನಾವು ಮರೆತುಬಿಟ್ಟಿರುವ ಐದು ದ್ವೀಪಗಳ ಕಥೆ ಅದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿಟ್ರಾ ಎಂಬ ಈ ಐದಕ್ಕೆ ಸೇರಿ ಅಮಿನಿದೀವಿ ಎಂದು ಹೆಸರು. ಇಂದು ಇವು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿವೆ. 1956ರ ವರೆಗೆ ಇವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಇವುಗಳ ಕಲೆಕ್ಟರು ಮಂಗಳೂರಿನಲ್ಲಿದ್ದನು.

ಈ ದ್ವೀಪಗಳು ಎಷ್ಟು ಚಿಕ್ಕವೆಂದರೆ ನಮ್ಮ ಕಡೆಯ ರೈತನೊಬ್ಬ ಬೆಳಗಿನ ನ್ಯಾರಿಯ ಹೊತ್ತಿಗೆ ಹೊರಟರೆ ಮಧ್ಯಾಹ್ನದ ಊಟದೊಳಗೆ ಯಾವುದೇ ಒಂದನ್ನು ಸುತ್ತಿ ಬರಬಹುದು. ಜನವಸತಿಯ ಹತ್ತು ದ್ವೀಪಗಳೂ ಬರಿಯ ದಿಬ್ಬಗಳೂ ಸೇರಿ ಇಡೀ ಲಕ್ಷದ್ವೀಪದ ನೆಲ 32 ಚದರ ಕಿಲೋಮೀಟರು. ಹವಳದ ದಂಡೆ, ಅದರ ಮೇಲೆ ಮರಳು, ಮರಳಿನ ಮೇಲೆ ತೆಂಗು. ಇಷ್ಟೇ ಅಲ್ಲಿಯ ಭೂಗೋಳ. ಹೊಳೆಯಿಲ್ಲ, ಗುಡ್ಡವಿಲ್ಲ, ಭತ್ತದ ಗದ್ದೆಯಿಲ್ಲ. ಆದರೆ ಅಲ್ಲಿಯವರ ಮುಖ್ಯ ಆಹಾರ ಅನ್ನ! ಬೆಳೆಯದ ಅಕ್ಕಿಯನ್ನು ಉಣ್ಣುವ ಜನ ಅಕ್ಕಿಯನ್ನು ಬೆಳೆಯುವ ಕರಾವಳಿಗೆ ಕೈಚಾಚದೆ ವಿಧಿಯಿಲ್ಲ. ಆಗ ಕೆನರಾ ಸೀಮೆಯ ಅಕ್ಕಿ ಗೋವೆಗೆ, ಮಲಬಾರಿಗೆ, ಅರಬಸ್ಥಾನಕ್ಕೆ ಹೋಗುತ್ತಿತ್ತು. ಅದರ ಒಂದು ಸಣ್ಣ ಪಾಲು ಈ ದ್ವೀಪಗಳ ಬಾಳು.

ಅಕ್ಕಿಗೆ ಬದಲಾಗಿ ಅವರು ಕೊಡಬಲ್ಲದ್ದು ಕತ್ತ. ತೆಂಗಿನ ಸಿಪ್ಪೆಯನ್ನು ಕಡಲ ದಂಡೆಯ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಹೂಳಿಟ್ಟು, ಕೊಳೆತ ಮೇಲೆ ಬಡಿದು, ನಾರನ್ನು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುವ ಈ ಕೆಲಸ ಹೆಂಗಸರದು. ಮರ ಹತ್ತುವುದು, ದೋಣಿ ನಡೆಸುವುದು ಗಂಡಸರದು. ಅವರ ದೊಡ್ಡ ಹಾಯಿದೋಣಿಗೆ ‘ಓಡಂ’ ಎಂದು ಹೆಸರು. ಓಡವೆಂದರೆ ದೋಣಿಯೆಂಬ ಅರ್ಥ ನಮ್ಮ ಭಾಷೆಯಲ್ಲಿಯೂ ಉಂಟಷ್ಟೆ. ಮಾತಿನಲ್ಲಿಯಾದರೂ ಅವರು ನಮಗೆ ದೂರದವರಲ್ಲ. ಹಲಗೆಗೆ ಹಲಗೆಯನ್ನು ಕತ್ತದ ಹುರಿಯಿಂದಲೇ ಹೊಲಿದು ಅವರು ದೋಣಿಯನ್ನು ಕಟ್ಟುತ್ತಿದ್ದರು. ಹುರಿಯನ್ನು ಮಾರಲು ಹುರಿಯಿಂದಲೇ ಕಟ್ಟಿದ ದೋಣಿ. ತೆಂಗಿನ ಮರವೊಂದು ತಪ್ಪಿದರೆ ಅವರ ಬದುಕಿನಲ್ಲಿ ಎಲ್ಲವೂ ತಪ್ಪಿದಂತೆ. ಆದುದರಿಂದಲೇ ಎಳನೀರನ್ನು ಕೊರೆದು ಕಾಯಿ ಉದುರಿಸುವ ಇಲಿಗಳ ಮೇಲೆ ಊರವರೆಲ್ಲ ಕಡ್ಡಾಯವಾಗಿ ಸೇರಿ ಬೇಟೆಗೆ ಹೊರಡುವ ಪದ್ಧತಿ ಅಲ್ಲಿ ಬೆಳೆಯಿತು. ನಮಗೆ ನಗು ಬರಬಹುದು. ಅವರಿಗೆ ಅದು ಅಕ್ಕಿಯ ಪ್ರಶ್ನೆ.

ಈ ದೋಣಿಗಳು ವರ್ಷವಿಡೀ ಓಡುವಂತಿಲ್ಲ. ಮೇ ತಿಂಗಳ ನಡುವಿನಲ್ಲಿ ಕಡಲು ಮುಚ್ಚುತ್ತದೆ. ಸೆಪ್ಟೆಂಬರ್ ತಿಂಗಳ ನಡುವಿಗೆ ತೆರೆಯುತ್ತದೆ. ಈ ನಾಲ್ಕು ತಿಂಗಳು ದ್ವೀಪಕ್ಕೆ ಲೋಕವಿಲ್ಲ, ಲೋಕಕ್ಕೆ ದ್ವೀಪವಿಲ್ಲ. ಒಂದರ್ಥದಲ್ಲಿ ಇದು ವರ್ಷವರ್ಷವೂ ಸಮುದ್ರವೇ ಹೂಡುವ ಮುಷ್ಕರ. ಆದರೆ ಈ ಮುಷ್ಕರದಿಂದ ದ್ವೀಪ ಹಾಳಾಗಲಿಲ್ಲ. ದೋಣಿ ಕೊನೆಯ ಸಲ ಮರಳುವ ಮೊದಲೇ ಮನೆಮನೆಗೆ ಅಕ್ಕಿ ತುಂಬುತ್ತಿತ್ತು. ಅಕ್ಕಿ ಸಾಲದಿದ್ದರೆ ತೆಂಗಿನಕಾಯಿ, ದೀವಿಹಲಸು, ಒಣಮೀನು ಕೈಹಿಡಿಯುತ್ತಿದ್ದವು. ಮಳೆಗಾಲವೆಂದರೆ ಹುರಿ ಹೊಸೆಯುವ ಕಾಲವೂ ಹೌದು.

ಕೆಲವು ವರ್ಷಗಳ ಹಿಂದೆ ನಾನು ಮಂಗಳೂರಿನ ಹಳೆಯ ಬಂದರಿನಲ್ಲಿ, ದ್ವೀಪಗಳಿಗೆ ಹೋಗುವ ಮಂಜಿಯೊಂದಕ್ಕೆ ಸಿಮೆಂಟು, ಈರುಳ್ಳಿ, ಅಕ್ಕಿಯ ಮೂಟೆಗಳನ್ನು ಹೇರುತ್ತಿದ್ದುದನ್ನು ನೋಡುತ್ತ ನಿಂತಿದ್ದೆ. ಅದರ ತಂಡೇಲನೊಡನೆ ಮಾತಿಗೆ ತೊಡಗಿ, “ಮಳೆಗಾಲದಲ್ಲಿ ನಿಮಗೆ ಬಹಳ ತೊಂದರೆಯಲ್ಲವೆ?” ಎಂದು ಕೇಳಿದೆ. ಅವನು ನಕ್ಕು, “ಮಳೆಗಾಲ ಹೇಳಿ ಬರ್ತದೆ, ಹೇಳಿ ಹೋಗ್ತದೆ ಸಾರ್. ಮನುಷ್ಯ ನಿಲ್ಲಿಸಿದ್ರೆ ಯಾವಾಗ ಬಿಡ್ತಾನೆ ಅಂತ ಗೊತ್ತಾಗುವುದಿಲ್ಲ” ಎಂದ. ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದ ಮಾತು ಅವನ ಬಾಯಲ್ಲಿ ಸುಲಭವಾಗಿ ಬಂದಿತ್ತು.

ಮನುಷ್ಯನು ನಿಲ್ಲಿಸಿದ ಕಥೆಯೇ ಅಮಿನಿಯ ಕಥೆ. ಈ ದ್ವೀಪಗಳು ಮೊದಲು ಚಿರಕ್ಕಲ್ಲಿನ ಕೋಲತ್ತಿರಿ ಅರಸರವು; ಅವರಿಂದ ಅವು ಕಣ್ಣೂರಿನ ಅರಕ್ಕಲ್ ಮನೆತನದ ಕೈಸೇರಿದ್ದವು. ಆ ಮನೆತನದ ಅರಸನಿಗೆ ಆಲಿ ರಾಜನೆಂದೂ ಅರಸಿಗೆ ಬೀಬಿಯೆಂದೂ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಕಣ್ಣೂರಿನ ಅರಮನೆ ಒಂದು ಕಟ್ಟಳೆ ಮಾಡಿತು: ದ್ವೀಪದ ಕತ್ತವನ್ನೆಲ್ಲ ಅರಮನೆಗೇ ಮಾರಬೇಕು, ಅರಮನೆ ಕಟ್ಟಿದ ಬೆಲೆಗೇ ಮಾರಬೇಕು.

ಹೊರನೋಟಕ್ಕೆ ಇದರಲ್ಲಿ ಯಾರ ದೋಣಿಯೂ ನಿಂತಿಲ್ಲ. ದೋಣಿ ಹೋಗುತ್ತಿದೆ, ಅಕ್ಕಿ ಬರುತ್ತಿದೆ. ಆದರೆ ಒಳಗಿನ ಲೆಕ್ಕವನ್ನು ನೋಡಿರಿ. ಕತ್ತಕ್ಕೆ ಬೆಲೆ ಕಟ್ಟುವವನೂ ಅದರ ಬದಲಿಗೆ ಕೊಡುವ ಅಕ್ಕಿಗೆ ಬೆಲೆ ಕಟ್ಟುವವನೂ ಒಬ್ಬನೇ ಆದಾಗ ತಕ್ಕಡಿಯ ಎರಡು ತಟ್ಟೆಗಳೂ ಒಂದೇ ಕೈಯಲ್ಲಿದ್ದಂತೆ. ಪೇಟೆಯಲ್ಲಿ ಕತ್ತ ತುಟ್ಟಿಯಾದರೆ ಲಾಭ ಅರಮನೆಗೆ. ಅಕ್ಕಿ ಅಗ್ಗವಾದರೆ ಲಾಭ ಆಗಲೂ ಅರಮನೆಗೆ. ಹುರಿ ಹೊಸೆದ ಹೆಂಗಸಿನ ಪಾಲಿಗೆ ಪೇಟೆಯೆಂಬುದೇ ಇಲ್ಲ. ಅವಳ ದುಡಿಮೆ ಒಂದು ವರ್ಷ ಮೊದಲೇ ಉಪ್ಪುನೀರಿನಲ್ಲಿ ಹೂತುಹೋಗಿದೆ. ಬೆಲೆ ಕಡಿಮೆಯೆಂದು ಅವಳು ಮುನಿಸಿಕೊಂಡರೆ ಮಳೆಗಾಲಕ್ಕೆ ಮನೆಯಲ್ಲಿ ಅಕ್ಕಿಯಿಲ್ಲ.

ಇಂಥ ಕಡೆ ಮುಷ್ಕರ ಹೂಡುವುದು ಹೇಗೆ? ಹವಾಯಿಯ ಕೂಲಿ ದುಡಿಮೆ ನಿಲ್ಲಿಸಿದರೆ ಯಜಮಾನನ ಸಕ್ಕರೆ ಗೋದಾಮಿನಲ್ಲಿ ಬೀಳುತ್ತದೆ. ಅಮಿನಿಯವನು ದೋಣಿಯನ್ನು ದಡಕ್ಕೆಳೆದು ಕುಳಿತರೆ ಹಸಿಯುವುದು ಅವನ ಮನೆಯೇ. ದೋಣಿ ನಿಲ್ಲಿಸುವ ದಾರಿ ಅವರಿಗೆ ಇರಲಿಲ್ಲ. ಆದರೆ ನಕ್ಷೆಯನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಮಿನಿಯಿಂದ ಕಣ್ಣೂರಿಗೆ ಎಷ್ಟು ದೂರವೋ ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಎರಡೂ ಸುಮಾರು 300 ಕಿಲೋಮೀಟರು. ಕಣ್ಣೂರಿನಲ್ಲಿ ಅಕ್ಕಿಯನ್ನು ಕೊಳ್ಳಬೇಕು. ಮಂಗಳೂರಿನಲ್ಲಿ ಅಕ್ಕಿ ಹುಟ್ಟುತ್ತದೆ. ದೋಣಿಯನ್ನು ನಿಲ್ಲಿಸಬೇಕಾಗಿರಲಿಲ್ಲ, ಹಾಯಿಯನ್ನು ತುಸು ಉತ್ತರಕ್ಕೆ ತಿರುಗಿಸಿದರೆ ಸಾಕಾಗಿತ್ತು.

1780ರ ದಶಕದಲ್ಲಿ ಅವರು ಮಾಡಿದ್ದು ಇದನ್ನೇ. ಕತ್ತದ ಏಕಸ್ವಾಮ್ಯಕ್ಕೆ ರೋಸಿಹೋದ ಅಮಿನಿದೀವಿಯ ಜನ ಕಣ್ಣೂರಿನ ಬೀಬಿಯ ವಿರುದ್ಧ ತಿರುಗಿಬಿದ್ದರು. ಅವರಲ್ಲಿ ಕೆಲವರು ಮಂಗಳೂರಿಗೆ ಬಂದು, ಆಗ ಕೆನರಾ ಸೀಮೆಯನ್ನು ಆಳುತ್ತಿದ್ದ ಟಿಪ್ಪು ಸುಲ್ತಾನನನ್ನು ಕಂಡು, ತಮ್ಮ ದ್ವೀಪಗಳನ್ನು ಅವನ ಆಡಳಿತಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿದರು. ಬೀಬಿಗೂ ಸುಲ್ತಾನನಿಗೂ ಆಗ ಸ್ನೇಹವಿತ್ತು. ಮಾತುಕತೆಯಾಯಿತು, ಬೀಬಿಗೆ ಚಿರಕ್ಕಲ್ ಸೀಮೆಯಲ್ಲಿ ಬದಲಿ ಭೂಮಿ ದೊರೆಯಿತು, ಐದು ದ್ವೀಪಗಳು ಮೈಸೂರಿಗೆ ಸೇರಿದವು. ಕೋಟೆ ಮುರಿದು ರಾಜ್ಯ ಗೆದ್ದವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿವೆ. ಹುರಿಯ ಬೆಲೆಗಾಗಿ ಅರಸರನ್ನೇ ಬದಲಾಯಿಸಿಕೊಂಡ ಈ ಬಡನಾವಿಕರಿಗೆ ಅಲ್ಲಿ ಒಂದು ಸಾಲೂ ಇಲ್ಲ.

ಆಮೇಲಿನ ಕಥೆಯಲ್ಲಿ ತುಸು ಕಹಿಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೆನರಾದೊಡನೆ ಈ ದ್ವೀಪಗಳೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಕಂಪನಿ ಅವನ್ನು ಬೀಬಿಗೆ ಮರಳಿಸದೆ, ಅವಳ ಕಪ್ಪದಲ್ಲಿ ಒಂದಷ್ಟು ಸೋಡಿ ಕೊಟ್ಟು, ಮಂಗಳೂರಿನ ಆಡಳಿತಕ್ಕೇ ಉಳಿಸಿಕೊಂಡಿತು. ದ್ವೀಪದವರು ಗೆದ್ದರೆಂದು ನಾವು ಅಂದುಕೊಳ್ಳಬೇಕು. ಆದರೆ ಯಾವ ಏಕಸ್ವಾಮ್ಯದ ಕಾಟ ತಾಳಲಾರದೆ ಅವರು ಕಣ್ಣೂರನ್ನು ಬಿಟ್ಟರೋ ಅದೇ ಏಕಸ್ವಾಮ್ಯವನ್ನು ಸರ್ಕಾರ ಮಂಗಳೂರಿನಲ್ಲಿ ನಡೆಸಿತು. ಕತ್ತವನ್ನು ಸರ್ಕಾರದ ಉಗ್ರಾಣಕ್ಕೆ ಒಪ್ಪಿಸಬೇಕು, ಗೊತ್ತಾದ ದರದಲ್ಲಿ ಅಕ್ಕಿಯನ್ನು ಪಡೆಯಬೇಕು. ಕೊಡುವವರು ಬದಲಾದರು, ಕೊಡುವ ರೀತಿ ಬದಲಾಗಲಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದ ತನಕವೂ ಕತ್ತಕ್ಕೆ ಅಕ್ಕಿಯೆಂಬ ಈ ವಿನಿಮಯ ಉಳಿದು ಬಂದಿತು.

ಹಾಗಾದರೆ ಹಾಯಿ ತಿರುಗಿಸಿದ್ದು ವ್ಯರ್ಥವಾಯಿತೆ? ಹಾಗೆ ಹೇಳಲಾರೆ. ಕಣ್ಣೂರಿನ ಕೈಯಲ್ಲಿಯೇ ಉಳಿದ ದಕ್ಷಿಣದ ದ್ವೀಪಗಳ ಪಾಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕತ್ತ ಮಾತ್ರವಲ್ಲ, ಕವಡೆ, ಆಮೆಯ ಚಿಪ್ಪು ಮೊದಲಾದುವೂ ಅರಮನೆಯ ಏಕಸ್ವಾಮ್ಯಕ್ಕೆ ಒಳಪಟ್ಟಿದ್ದವು. 1847ರಲ್ಲಿ ಆಂಡ್ರೋತ್, ಕಲ್ಪೇನಿ ದ್ವೀಪಗಳ ಮೇಲೆ ಭೀಕರವಾದ ಚಂಡಮಾರುತ ಬಿದ್ದು ತೆಂಗಿನ ತೋಟಗಳನ್ನು ನೆಲಕ್ಕೊರಗಿಸಿತು. ತೆಂಗು ಹೋದರೆ ಕತ್ತವಿಲ್ಲ; ಕತ್ತವಿಲ್ಲದೆ ಅಕ್ಕಿಯಿಲ್ಲ. ಕಂಪನಿಯ ಅಧಿಕಾರಿ ವಿಲಿಯಂ ರಾಬಿನ್‌ಸನ್ ಸ್ವತಃ ಹೋಗಿ ನೋಡಿದನು. ಪರಿಹಾರಕ್ಕಾಗಿ ಅರಕ್ಕಲ್ ಮನೆತನ ಕಂಪನಿಯಿಂದ ಸಾಲ ತೆಗೆದುಕೊಂಡಿತು. ಸಾಲ ತೀರಲಿಲ್ಲ. ಸಾಲಕ್ಕಾಗಿ ಕಂಪನಿ ದ್ವೀಪಗಳನ್ನು ಜಪ್ತಿ ಮಾಡಿ, ಒಮ್ಮೆ ಬಿಟ್ಟು, ಮತ್ತೆ ಹಿಡಿದು, ಕೊನೆಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸರ್ಕಾರ ಅವನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡಿತು. ಬಿದ್ದ ತೆಂಗಿನ ಮರಗಳು ಅರ್ಧ ಶತಮಾನದ ಬಳಿಕ ಒಂದು ರಾಜ್ಯವನ್ನೇ ಬೀಳಿಸಿದವು.

ದ್ವೀಪವೆಂದರೆ ಎಲ್ಲರೂ ಒಂದೇ ದೋಣಿಯಲ್ಲಿರುವವರೆಂದು ತಿಳಿದರೆ ಅದೂ ತಪ್ಪು. ದೋಣಿಯೂ ತೋಟವೂ ಕೋಯ ಎಂಬ ವರ್ಗದವರಲ್ಲಿ. ದೋಣಿ ನಡೆಸುವುದು ಮಾಲ್ಮಿಗಳ ಕಸುಬು. ಮರ ಹತ್ತಿ ದುಡಿಯುವವರು ಮೇಲಾಚೇರಿಗಳು. ಒಡೆಯನ ಮರಗಳನ್ನು ನಂಬಿ ಬಾಳುವ ಒಕ್ಕಲು ಒಡೆಯನ ಓಡದಲ್ಲಿ ಚಾಕರಿ ಮಾಡಬೇಕು, ತನ್ನ ಸರಕನ್ನೂ ಅದೇ ಓಡದಲ್ಲಿ ಹೇರಬೇಕು. ಅರಮನೆ ದ್ವೀಪಕ್ಕೆ ಮಾಡಿದುದನ್ನು ದ್ವೀಪದ ಒಡೆಯ ತನ್ನ ಒಕ್ಕಲಿಗೆ ಮಾಡುತ್ತಿದ್ದ. ಹಾಯಿ ಮಂಗಳೂರಿನ ಕಡೆಗೆ ತಿರುಗಿದಾಗ ಒಕ್ಕಲಿಗನಿಗೂ ಅದರಿಂದ ಲಾಭವಾಗಿರಬಹುದು. ಆದರೆ ಚುಕ್ಕಾಣಿ ಅವನ ಕೈಗೆ ಬರಲಿಲ್ಲ. ಎಲ್ಲ ಮುಷ್ಕರಗಳ ಇತಿಹಾಸದಲ್ಲಿಯೂ ಕೇಳಬೇಕಾದ ಪ್ರಶ್ನೆಯಿದು: ನಿಲ್ಲಿಸಿದವರು ಯಾರು, ಹಸಿದವರು ಯಾರು, ಗೆದ್ದಾಗ ಹಂಚಿಕೊಂಡವರು ಯಾರು?

1956ರ ನವೆಂಬರ್ 1ರಂದು ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ತಿಳವಳ್ಳಿ ಆಗ ಆ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಕನ್ನಡಿಗರು ಒಂದಾದೆವೆಂದು ನಾವು ಹಬ್ಬ ಮಾಡಿದ ಅದೇ ದಿನ ಅಮಿನಿದೀವಿಯ ಐದು ದ್ವೀಪಗಳು ಮಂಗಳೂರಿನ ಆಡಳಿತದಿಂದ ಬೇರೆಯಾಗಿ, ದಕ್ಷಿಣದ ದ್ವೀಪಗಳೊಡನೆ ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಅದಕ್ಕೆ ಲಕ್ಷದ್ವೀಪವೆಂದು ಹೆಸರಾಯಿತು. ದ್ವೀಪದವರ ಮಾತು ಮಲಯಾಳದ ಒಂದು ಬಗೆಯಾದುದರಿಂದ ಈ ಬೇರ್ಪಾಡು ನಮ್ಮಲ್ಲಿ ಯಾರಿಗೂ ನೋವೆನಿಸಲಿಲ್ಲ. ಅವರ ದೊಡ್ಡ ಹಡಗುಗಳು ಈಗ ಕೊಚ್ಚಿಯಿಂದ ಹೊರಡುತ್ತವೆ. ಆದರೂ ಮಂಗಳೂರಿನ ಹಳೆಯ ಬಂದರಿನಿಂದ ಹೋಗುವ ಮಂಜಿಗಳು ಪೂರ್ತಿಯಾಗಿ ನಿಂತಿಲ್ಲ. 2011ರ ಜನಗಣತಿಯಲ್ಲಿ ಲಕ್ಷದ್ವೀಪದ ಜನಸಂಖ್ಯೆ 64,473. ಇಷ್ಟು ಜನರ ಮನೆಯ ಸಿಮೆಂಟಿನಲ್ಲಿ, ಸಾರಿನ ಈರುಳ್ಳಿಯಲ್ಲಿ ಹಳೆಯ ದಾರಿಯ ಒಂದು ಪಾಲು ಇನ್ನೂ ಉಳಿದಿದೆ.

ಕೊನೆಗೆ ಮತ್ತೆ ನಮ್ಮ ಕಡೆಯ ಮಾತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, ದಕ್ಷಿಣದ ಬಂದರುಗಳನ್ನು ಉತ್ತರದವರ ನೌಕಾಪಡೆ ಮುಚ್ಚಿದಾಗ, ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯಿಲ್ಲದೆ ಹೋಯಿತು. ಆಗ ಧಾರವಾಡ ಜಿಲ್ಲೆಯ ಹತ್ತಿಗೆ ಕಂಡರಿಯದ ಬೆಲೆ ಬಂದಿತು. ಗಾಡಿಗಳ ಸಾಲು ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಯಿತು. 1865ರಲ್ಲಿ ಯುದ್ಧ ಮುಗಿಯಿತು; ಅಮೆರಿಕದ ಹಡಗುಗಳು ಹೊರಟವು; ಇಲ್ಲಿಯ ಬೆಲೆ ಕುಸಿಯಿತು. ಏರಿದ ಬೆಲೆಯನ್ನು ನಂಬಿದವರು ಇಳಿದ ಬೆಲೆಯಲ್ಲಿ ಸಿಕ್ಕಿಬಿದ್ದರು. ಸಮುದ್ರದಾಚೆ ಯಾರೋ ಹಡಗು ನಿಲ್ಲಿಸಿದರೆ ಸಮುದ್ರವನ್ನೇ ಕಾಣದ ನಮ್ಮ ರೈತನ ಮನೆಯಲ್ಲಿ ದೀಪ ಉರಿಯಿತು, ಆರಿತು. ಬೆಲೆ ಏರಿದ್ದೇಕೆಂದು ಅವನು ತಿಳಿಯುವ ಮೊದಲೇ ಅದು ಇಳಿದಿತ್ತು.

ದ್ವೀಪವೆಂದರೆ ಸುತ್ತಲೂ ನೀರಿರುವ ಭೂಮಿಯೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅಮಿನಿಯ ಕಥೆಯನ್ನು ಓದಿದ ಮೇಲೆ ನನಗೆ ಆ ಪಾಠ ಸಾಲದೆನ್ನಿಸಿದೆ. ಯಾವ ಊರಿಗೆ ಒಂದೇ ದಾರಿಯೋ, ಯಾವ ಬೆಳೆಗೆ ಒಬ್ಬನೇ ಗಿರಾಕಿಯೋ, ಅದು ನಡುನಾಡಿನಲ್ಲಿದ್ದರೂ ದ್ವೀಪವೇ. ಸುಗ್ಗಿಯ ಕಾಲದಲ್ಲಿ ನಮ್ಮ ಹಳ್ಳಿಯ ರೈತ ತನ್ನ ಚೀಲಗಳನ್ನು ಒಬ್ಬನೇ ದಲಾಲಿಯ ಅಂಗಡಿಯ ಮುಂದೆ ಇಳಿಸಿ, ಅವನ ಬಾಯಿಂದ ಬೀಳುವ ದರಕ್ಕೆ ಕಾಯುತ್ತ ಕುಳಿತುದನ್ನು ನಾನು ಕಂಡಿದ್ದೇನೆ. ಅವನ ಸುತ್ತ ನೀರಿರಲಿಲ್ಲ. ಆದರೆ ತಿರುಗಿಸಲು ಅವನಿಗೆ ಹಾಯಿಯೂ ಇರಲಿಲ್ಲ, ಹೋಗಲು ಇನ್ನೊಂದು ಬಂದರೂ ಇರಲಿಲ್ಲ.

ಹಿತ್ತಲ ಬಾವಿಗೆ ಈಗ ಮೋಟರು ಬಂದಿದೆ, ಹಗ್ಗವಿಲ್ಲ. ಗಡಗಡೆಯೊಂದು ಮಾತ್ರ ತುಕ್ಕು ಹಿಡಿದು ಅಲ್ಲಿಯೇ ನೇತಾಡುತ್ತಿದೆ. ಊರಿಗೆ ಹೋದಾಗಲೆಲ್ಲ ಅದನ್ನು ನೋಡುತ್ತೇನೆ. ನಮ್ಮ ಅಜ್ಜಿ ನೀರು ಸೇದುತ್ತಿದ್ದ ಆ ಹಗ್ಗದ ಇನ್ನೊಂದು ತುದಿಯಲ್ಲಿ, ಯಾವುದೋ ಕಡಲ ದಂಡೆಯಲ್ಲಿ, ಸಿಪ್ಪೆ ಬಡಿಯುತ್ತ ಕುಳಿತ ಒಬ್ಬ ಹೆಂಗಸಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲ. ಅವಳ ಹುರಿಗೆ ಎಷ್ಟು ಅಕ್ಕಿ ಸಿಕ್ಕಿತೆಂದು ನಮ್ಮ ಮನೆಯಲ್ಲಿ ಆಗ ಯಾರೂ ಕೇಳಲಿಲ್ಲ. ಇಷ್ಟು ತಡವಾಗಿಯಾದರೂ ಅದನ್ನು ಕೇಳಬೇಕೆನಿಸಿತು.